ಗೇಟಿನ ಪಕ್ಕದ ಹುಲ್ಲು

ಉನೈಸಿಗೆ ತನ್ನ ತಂಗಿಯನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಚ್ಚಿಟ್ಟರೆ ಯಾರಾದರೂ ಎತ್ತಿ ಆಡುತ್ತಾರೆ. ಪುರಸಭೆಯ ಹಾಲಿನಲ್ಲಿ, ಮೈಕಿನಲ್ಲಿ, ಎಲ್ಲರೆದುರು ಎತ್ತಿ ಆಡಿಯೂ ಆಡಿದರು. ಹೊಟ್ಟೆಕಿಚ್ಚು ಯಾಕೆ ಬಂತು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ತಂಗಿ ಮೆರೆವಾಯಿಯ ಮನೆ ಗುಡ್ಡದ ಮೇಲೆ. ಉನೈಸಿಯ ಮನೆ ಗುಡ್ಡದ ಬುಡದಲ್ಲಿ, ಕಾಂಡ್ಲಾ ಗಿಡಗಳ ಕೆಸರಿಗೆ ಅಂಟಿಕೊಂಡ ವುನಿದೋಗೊ ಕೇರಿಯಲ್ಲಿ. ಅಕ್ಕತಂಗಿ ಒಂದೇ ಹಡಗಿನಲ್ಲಿ ಕಂದಾವು ದ್ವೀಪ ಬಿಟ್ಟು ರಾಜಧಾನಿ ಸುವಾಕ್ಕೆ ಬಂದವರು. ಒಂದೇ ಚಾಪೆಯಲ್ಲಿ ಮಲಗಿ, ಒಂದೇ ತಟ್ಟೆಯ ಮರಗೆಣಸು ತಿಂದವರು. ತಂಗಿಗೆ ಓದು ಹತ್ತಿತು. ಆಫೀಸಿನ ಕೆಲಸ ಸಿಕ್ಕಿತು. ಫಿಲಿಮೋನಿ ಎಂಬ ಆಡಿಟರ್ ಗಂಡನಾಗಿ ಸಿಕ್ಕಿದ. ಅಕ್ಕನಿಗೆ ಇಸ್ತ್ರಿಪೆಟ್ಟಿಗೆ ಸಿಕ್ಕಿತು.

ಗುಡ್ಡದ ಮನೆಗಳಿಗೆ ಇಸ್ತ್ರಿ ಮಾಡುವುದು ಉನೈಸಿಯ ಕೆಲಸ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು. ಕಾಲು ಊದಿಕೊಳ್ಳುತ್ತದೆ, ಬಲಗೈ ಮಣಿಕಟ್ಟು ಕಲ್ಲಾಗುತ್ತದೆ, ಕತ್ತಿನಿಂದ ಹರಿದ ಬೆವರು ಬಟ್ಟೆಯ ಮೇಲೆ ಬೀಳದ ಹಾಗೆ ಟವೆಲು ಕಟ್ಟಿಕೊಳ್ಳಬೇಕು. ಚಪ್ಪಲಿ ಹಿಂಬಾಗಿಲ ಆಚೆ ಬಿಡಬೇಕು. ಕುಡಿಯಲು ಬೇರೆ ಲೋಟ ಇದೆ, ಅದು ಸಿಂಕಿನ ಕೆಳಗೆ ಇರುತ್ತದೆ. ತಂಗಿಯ ಮನೆಯಲ್ಲಿ ಅವಳು ಕೆಲಸ ಮಾಡುತ್ತಿರಲಿಲ್ಲ. ಒಡಹುಟ್ಟಿದವಳ ಕೈಲಿ ಇಸ್ತ್ರಿ ಮಾಡಿಸುವುದು ಚೆನ್ನಾಗಿರುವುದಿಲ್ಲ ಎಂದು ಮೆರೆವಾಯಿ ಬೇರೆ ಹೆಂಗಸನ್ನು ಇಟ್ಟುಕೊಂಡಿದ್ದಳು. ತಂಗಿಯ ಪಕ್ಕದ ಮನೆಯಲ್ಲಿ ಮಾಡುತ್ತಿದ್ದಳು, ಅದು ಯಾರಿಗೂ ಚೆನ್ನಾಗಿಲ್ಲ ಅನ್ನಿಸಲಿಲ್ಲ. ನಡುವೆ ಒಂದು ದಾಸವಾಳದ ಬೇಲಿ. ಬೇಲಿಯ ಆಚೆ ತಂಗಿಯ ಕಾರು, ತಂಗಿಯ ಬಟ್ಟೆ ಒಗೆಯುವ ಮಷೀನಿನ ಸದ್ದು, ಗೇಟಿನ ಮುಂದೆ ರಸ್ತೆಯಲ್ಲಿ ಒಂದು ಕೆಂಪು ಕಬ್ಬಿಣದ ನಲ್ಲಿ.

ಆ ಕೆಂಪು ನಲ್ಲಿ ಬೆಂಕಿ ಬಿದ್ದಾಗ ಬಳಸುವುದಕ್ಕೆ. ಗುಡ್ಡದಲ್ಲಿ ಎಂದೂ ಬೆಂಕಿ ಬಿದ್ದಿಲ್ಲ. ಆದರೂ ಪ್ರತಿ ವರ್ಷ ಅದಕ್ಕೆ ಹೊಸ ಬಣ್ಣ. ಬೀದಿಯ ನಾಯಿಗಳಿಗೆ ಅದು ಕಾಲೆತ್ತುವ ಜಾಗ. ಕೆಳಗೆ ಕೇರಿಯಲ್ಲಿ ಇಡೀ ಜನಕ್ಕೆ ಇರುವುದು ಒಂದು ಹಿತ್ತಾಳೆ ನಲ್ಲಿ, ಅದರಲ್ಲಿ ನೀರು ಬರುವುದು ಗುಡ್ಡದವರ ತೋಟ ತಣಿದ ಮೇಲೆ. ಉನೈಸಿ ತಂಗಿಯ ಕಾರಿನ ಮೇಲೆ ಆಸೆ ಪಟ್ಟಳೋ ಇಲ್ಲವೋ, ಆ ಕೆಂಪು ನಲ್ಲಿಯ ಮೇಲೆ ಪಟ್ಟಿದ್ದಂತೂ ನಿಜ. ಇಸ್ತ್ರಿ ಮಾಡುತ್ತ ಮಾಡುತ್ತ ಕಿಟಕಿಯಿಂದ ಅದನ್ನೇ ನೋಡುತ್ತಿದ್ದಳು.

ಅದೇ ಕಿಟಕಿಯಿಂದಲೇ ಅವಳು ಹೊಗೆಯನ್ನೂ ನೋಡಿದಳು.

ಕ್ರಿಸ್‌ಮಸ್ಸಿನ ಮುಂಚಿನ ಸೆಕೆ. ಕೇರಿಯಲ್ಲಿ ಯಾರದೋ ಸೀಮೆಎಣ್ಣೆ ಸ್ಟೌ ಸಿಡಿಯಿತು. ಮನೆಗಳು ತಗಡಿನವು, ಪೆಟ್ಟಿಗೆ ಹಲಗೆಯವು, ಒಂದರ ಗೋಡೆಯೇ ಇನ್ನೊಂದರ ಗೋಡೆ. ಉನೈಸಿಯ ಮನೆಯಲ್ಲಿ ತಾಯಿ ಲಿತಿಯಾ ಮಲಗಿದ್ದಳು. ಒಂದು ಕಡೆಯ ಕೈಕಾಲು ಬಿದ್ದುಹೋಗಿದ್ದ ಮುದುಕಿ. ಉನೈಸಿ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಗುಡ್ಡದ ಮೇಲಿನ ಗೇಟಿನ ಹತ್ತಿರ ಬೆಂಕಿ ಆರಿಸುವ ಗಾಡಿ ಆಗಲೇ ಬಂದು ನಿಂತಿತ್ತು. ನಿಂತಿತ್ತು, ಅಷ್ಟೆ. ಲಾರಿಗಳು ಒಳಗೆ ನುಗ್ಗದಿರಲಿ ಎಂದು ಗುಡ್ಡದ ನಿವಾಸಿಗಳ ಸಂಘದವರು ಕೇರಿಗೆ ಇಳಿಯುವ ಆ ರಸ್ತೆಗೆ ಅಡ್ಡಲಾಗಿ, ಎತ್ತರದಲ್ಲಿ, ಒಂದು ಕಬ್ಬಿಣದ ಕಂಬ ಹಾಕಿಸಿದ್ದರು. ಕಾರು ಅದರಡಿ ನುಸುಳುತ್ತದೆ, ದೊಡ್ಡ ಗಾಡಿ ನುಸುಳುವುದಿಲ್ಲ. ಕಂಬಕ್ಕೆ ಬೀಗ. ಬೀಗದ ಕೈ ಸಂಘದ ಅಧ್ಯಕ್ಷನ ಹತ್ತಿರ. ಅಧ್ಯಕ್ಷ ಫಿಲಿಮೋನಿ, ಮೆರೆವಾಯಿಯ ಗಂಡ. ಅವನು ಯಾವುದೋ ಊಟದಲ್ಲಿದ್ದ, ಫೋನು ಎತ್ತಲಿಲ್ಲ.

ಗೇಟಿನ ಕಾವಲುಗಾರ ಫೋನು ಹಿಡಿದು ಮತ್ತೆ ಮತ್ತೆ ಒತ್ತುತ್ತಿದ್ದ. ಉನೈಸಿ ಆ ಕಂಬಕ್ಕೆ ಜೋತುಬಿದ್ದು ಎಳೆದಳು. ಗಾಡಿಯ ಡ್ರೈವರು ಕೊನೆಗೆ ಹಿಂದಕ್ಕೆ ತೆಗೆದುಕೊಂಡು ಸ್ಮಶಾನದ ರಸ್ತೆಯಿಂದ ಸುತ್ತಿಕೊಂಡು ಹೋದ. ಅದು ಕೇರಿ ಮುಟ್ಟುವ ಹೊತ್ತಿಗೆ ಆರಿಸುವುದಕ್ಕೆ ಉಳಿದಿದ್ದು ಬೂದಿ. ತಾಯಿಯ ಹೆಣವನ್ನು ಉನೈಸಿಯೇ ಬರಿಗೈಯಲ್ಲಿ ಎತ್ತಿಕೊಂಡು ಬಂದಳು. ಅದರ ಬಗ್ಗೆ ಅವಳು ಇವತ್ತಿಗೂ ಯಾರ ಹತ್ತಿರವೂ ಮಾತಾಡಿಲ್ಲ.

ಆಮೇಲೆ ಶವವನ್ನು ಮೆರೆವಾಯಿ ತೆಗೆದುಕೊಂಡಳು. ತೆಗೆದುಕೊಂಡಳು ಎಂದರೆ ಹಾಗೆಯೇ. ಕೇರಿಯಲ್ಲಿ ಶವ ಇಡುವುದಕ್ಕೆ ಮನೆಯೇ ಇರಲಿಲ್ಲವಲ್ಲ. ತಾಯಿ ಕೈಕಾಲು ಗಟ್ಟಿ ಇದ್ದಾಗ ಭಾನುವಾರದ ಊಟಕ್ಕೆ ಮಾತ್ರ ಗುಡ್ಡ ಹತ್ತುತ್ತಿದ್ದವಳು, ಸತ್ತ ಮೇಲೆ ಖಾಯಂ ಆಗಿ ಹತ್ತಿದಳು. ಶೋಕಕ್ಕೆ ಬಂದ ನೆಂಟರು ಚಾಪೆ ಹೊತ್ತು, ಮರದ ತೊಗಟೆಯ ಬಟ್ಟೆ ಹೊತ್ತು ಮೆರೆವಾಯಿಯ ಮನೆಗೆ ಹೋದರು. ಕೆನ್ನೆಗೆ ಮೂಗು ತಾಗಿಸಿ ಅತ್ತಿದ್ದು ಮೆರೆವಾಯಿಯ ಕೆನ್ನೆಗೆ. ಚಾಪೆಗಳು ಅವಳ ಹಾಲಿನಲ್ಲಿ ಸೊಂಟದೆತ್ತರ ಬಿದ್ದವು. ಮಲಮೂತ್ರ ಬಳಿದು, ಎದೆಗೆ ಒರಗಿಸಿಕೊಂಡು ಗಂಜಿ ಕುಡಿಸಿದ ಉನೈಸಿ ಅಂಗೈಗೆ ಬಟ್ಟೆ ಸುತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಯಾರೋ ಅವಳನ್ನು ಕೆಲಸದವಳೆಂದುಕೊಂಡು ಚಹಾ ತರಲು ಹೇಳಿದರು. ಅವಳು ತಂದುಕೊಟ್ಟಳು. ಆ ದಿನ ಅವಳಿಗೆ ತಂಗಿಯ ಅಳುವಿನ ಮೇಲೂ ಹೊಟ್ಟೆ ಉರಿಯಿತು. ಅಳುವುದಕ್ಕೂ ಜಾಗ ಬೇಕು, ಜನ ಬೇಕು, ಚಾಪೆ ಬೇಕು. ಎಲ್ಲವೂ ತಂಗಿಗೇ ಇತ್ತು.

ಮಣ್ಣಾದ ಮೇಲೆ ಫಿಲಿಮೋನಿ ಕೇರಿಗೆ ಬಂದ. ಸಂಘದ ಪರವಾಗಿ ತಪ್ಪೊಪ್ಪಿಗೆಗೆ ಬಂದ. ಕೈಯಲ್ಲಿ ತಿಮಿಂಗಿಲದ ಹಲ್ಲು, ನಾರಿನ ಹಗ್ಗ ಕಟ್ಟಿ ಎಣ್ಣೆ ಹಚ್ಚಿ ಹಳದಿಗಟ್ಟಿಸಿದ ಹಳೆಯ ಹಲ್ಲು. ಹಿಂದೆ ಆಳು, ಕುಟ್ಟಿ ನೀರಿಗೆ ಕಲಸಿ ಕುಡಿಯುವ ಯಂಗೋನ ಬೇರಿನ ಕಟ್ಟು ಹೊತ್ತಿದ್ದ. ಆ ಜನಕ್ಕೆ ಹಲ್ಲಿಗಿಂತ ದೊಡ್ಡದಿಲ್ಲ. ಮದುವೆ ಕೇಳುವುದಕ್ಕೆ ಅದು, ಯುದ್ಧ ನಿಲ್ಲಿಸುವುದಕ್ಕೆ ಅದು, ಕೊಲೆ ಮಾಡಿದವನು ಕ್ಷಮೆ ಕೇಳುವುದಕ್ಕೂ ಅದು. ಮುಂದೆ ಇಟ್ಟ ಹಲ್ಲನ್ನು ಬೇಡ ಅನ್ನುವಂತಿಲ್ಲ. ಮುಟ್ಟಿದರೆ ಮುಗಿಯಿತು, ಆ ವಿಷಯವನ್ನು ಮತ್ತೆ ಬಾಯಿಗೆ ತರುವಂತಿಲ್ಲ.

ಕೇರಿಯ ಮಾತುಗಾರ ಅಪೆನಿಸಾ. ಎಲ್ಲರಿಗೂ ಅವನು ಮೋಮೊ, ತಾಯಿಯ ಕಡೆಯ ಮಾವ. ಕೇರಿಯ ಪರವಾಗಿ ಹೊರಗಿನವರ ಹತ್ತಿರ ಮಾತಾಡುವವನು ಅವನೊಬ್ಬನೇ. ಅವನು ಮಾತಾಡುವಾಗ ಉಳಿದವರು ತಲೆ ತಗ್ಗಿಸಿ ಕೂರುತ್ತಾರೆ, ಕೊನೆಗೆ ಬೊಗಸೆ ಮಾಡಿ ಚಪ್ಪಾಳೆ ತಟ್ಟುತ್ತಾರೆ, ಅದೇ ಅವರ ಒಪ್ಪಿಗೆ. ಅವತ್ತು ಮೋಮೊ ಎರಡೂ ಕೈಯಲ್ಲಿ ಹಲ್ಲನ್ನು ತೆಗೆದುಕೊಂಡ. ಕಣ್ಣೊರೆಸಿಕೊಂಡ. ಬೀಗ ಹಾಕಿದವನ ತಪ್ಪು ಸಮುದ್ರಕ್ಕೆ ಹೋಗಲಿ ಎಂದ. ಗಂಡಸರು ಚಪ್ಪಾಳೆ ತಟ್ಟಿದರು. ಹೆಂಗಸರು ಹಿಂದೆ ಕೂತು ತಟ್ಟಿದರು. ಫಿಲಿಮೋನಿ ಕಾರಿನಲ್ಲಿ ಮೇಲೆ ಹೋದ. ಕಂಬ ಇದ್ದಲ್ಲೇ ಇತ್ತು.

ಇನ್ನು ಹುಲ್ಲಿನ ವಿಷಯ. ಗುಡ್ಡದ ಕೆಳಗಿನ ಗೇಟಿನ ಪಕ್ಕದಲ್ಲಿ ಪುರಸಭೆಯದೊಂದು ತುಂಡು ಜಾಗವಿದೆ, ಬರೀ ಹುಲ್ಲು. ನಕ್ಷೆಯಲ್ಲಿ ಅದಕ್ಕೆ ಹಸಿರು ಬಣ್ಣ, ಆಟಕ್ಕೂ ವಿಹಾರಕ್ಕೂ ಮೀಸಲು. ಗುಡ್ಡದವರು ಅಲ್ಲಿ ನಾಯಿಗಳನ್ನು ತಿರುಗಾಡಿಸುತ್ತಾರೆ. ಕೇರಿಯ ಮಕ್ಕಳು ಚೆಂಡು ತಂದರೆ ಕಾವಲುಗಾರ ಓಡಿಸುತ್ತಾನೆ. ಬೆಂಕಿ ಬಿದ್ದ ಮೇಲೆ ಅಗ್ನಿಶಾಮಕದವರು ಬಂದು ನೋಡಿ, ಠಾಣೆ ಕಟ್ಟುವುದಾದರೆ ಈ ಜಾಗವೇ ಸರಿ ಎಂದರು. ಕೇರಿಗೂ ಹತ್ತಿರ, ಹೆದ್ದಾರಿಗೂ ಹತ್ತಿರ. ಜಪಾನಿನ ಯಾವುದೋ ಊರಿನವರು ಒಂದು ಹಳೆಯ ಗಾಡಿ ದಾನ ಕೊಟ್ಟಿದ್ದಾರೆ, ಬಂದರಿನಲ್ಲಿ ನಿಂತಿದೆ. ಆದರೆ ಹಸಿರು ಬಣ್ಣದ ಜಾಗದಲ್ಲಿ ಕಟ್ಟಡ ಏಳಬೇಕಾದರೆ ಪುರಸಭೆಯ ಯೋಜನಾ ಸಮಿತಿ ನಕ್ಷೆಯ ಬಣ್ಣ ಬದಲಿಸಬೇಕು. ಅದಕ್ಕೆ ಅರ್ಜಿ ಹಾಕಬೇಕು, ಜನ ಬಂದು ಬೇಕು ಬೇಡ ಹೇಳಬೇಕು. ಸಮಿತಿ ಇಲ್ಲ ಎಂದರೆ ಗಾಡಿ ಬೇರೆ ಊರಿಗೆ ಹೋಗುತ್ತದೆ. ಇದಿಷ್ಟೇ ಸಂಗತಿ.

ಕೇರಿಯವರು ಅರ್ಜಿ ಹಾಕಿದರು, ಗುಡ್ಡದವರು ಬೇಡ ಎಂದರು. ಯಾಕೆ ಎಂದರೆ ಸೈರನ್ನಿನ ಸದ್ದು, ಮಕ್ಕಳ ನಿದ್ದೆ, ನಾಯಿಗಳಿಗೆ ಜಾಗವಿಲ್ಲ, ಮನೆಗಳ ಬೆಲೆ ಇಳಿಯುತ್ತದೆ. ಉನೈಸಿ ಇಸ್ತ್ರಿ ಮಾಡುತ್ತಿದ್ದ ಮನೆಯೊಡತಿ ಇದನ್ನೆಲ್ಲ ಫೋನಿನಲ್ಲಿ ಹೇಳುತ್ತಿದ್ದಳು, ಉನೈಸಿಗೆ ಕೇಳಿಸುತ್ತದೆ ಎಂಬ ಗೊಡವೆಯೇ ಇಲ್ಲದೆ. ಉನೈಸಿ ಅವಳ ಗಂಡನ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತಿದಳು. ಒತ್ತಿ ಹಿಡಿದಳು. ಕಾಲರು ಕಂದಿತು. ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಂಡರು.

ಒಂದು ಸಂಜೆ ಬೇಲಿಯ ಸಂದಿಯಲ್ಲಿ ಮೆರೆವಾಯಿ ಸಿಕ್ಕಳು. ನೀನಾದರೂ ಗಂಡನಿಗೆ ಹೇಳಬಾರದೇ ಎಂದು ಉನೈಸಿ ಕೇಳಿದಳು. ಮೆರೆವಾಯಿ ದಾಸವಾಳದ ಎಲೆ ಕೀಳುತ್ತ ನಿಂತಳು.

"ಅವರು ಸಂಘದ ಅಧ್ಯಕ್ಷರು ಅಕ್ಕ. ಎಲ್ಲರ ಮಾತು ಅವರು ಹೇಳಬೇಕು. ನಾನೇನ್ ಮಾಡ್ಲಿ."

"ಅವ್ವ ಸತ್ತಿದ್ದು ಎಲ್ಲಿ ಅಂತ ಒಂದ್ಸಲ ಅವನಿಗೆ ಜ್ಞಾಪಕ ಮಾಡು ಸಾಕು."

"ಅದು ಮುಗೀತಲ್ಲ ಅಕ್ಕ. ಹಲ್ಲು ಕೊಟ್ಟಾಯ್ತಲ್ಲ."

ಅಷ್ಟು ಹೇಳಿ ಮೆರೆವಾಯಿ ತಾನು ಉಟ್ಟು ಬಿಟ್ಟ ಎರಡು ಲಂಗಗಳನ್ನು ಬೇಲಿಯ ಮೇಲಿಂದ ಕೊಟ್ಟಳು. ಒಳ್ಳೆಯ ಬಟ್ಟೆ. ಉನೈಸಿ ತೆಗೆದುಕೊಂಡಳು. ಮತ್ತೆ ಎಬ್ಬಿಸಿದ್ದ ತಗಡಿನ ಮನೆಯಲ್ಲಿ ಒಂದನ್ನು ಹಾಕಿ ನೋಡಿದಳು, ಸೊಂಟಕ್ಕೆ ಸರಿಯಾಗಿ ಕೂತಿತು. ಅದಕ್ಕೇ ಅವಳಿಗೆ ಸಿಟ್ಟು ಬಂತು.

ಅರ್ಜಿಯ ವಿಚಾರಣೆಯ ದಿನ ಕೇರಿಯವರೆಲ್ಲ ಕೆಲಸ ಬಿಟ್ಟು ಬಂದರು. ಮೀನು ಮಾರುವವರು, ಕಸ ಹೊರುವವರು, ಹಡಗುಕಟ್ಟೆಯಲ್ಲಿ ಮೂಟೆ ಎತ್ತುವವರು, ಗುಡ್ಡದ ಅಡುಗೆಮನೆಗಳ ಹೆಂಗಸರು. ಒಂದು ದಿನದ ಕೂಲಿ ಹೋಯಿತು. ಮೈ ತೊಳೆದು, ಭಾನುವಾರದ ಸುಲು, ಸೊಂಟಕ್ಕೆ ಸುತ್ತುವ ಪಂಚೆ, ಉಟ್ಟು, ಚಾಪೆ ಹಿಡಿದುಕೊಂಡು ಬಂದರು. ಹಾಲಿನಲ್ಲಿ ಕುರ್ಚಿಗಳಿದ್ದವು. ಅವು ಮುಂಚೆಯೇ ತುಂಬಿದ್ದವು. ಕೇರಿಯವರು ಗೋಡೆಯ ಪಕ್ಕ ಚಾಪೆ ಹಾಸಿ ಕೂತರು. ದೊಡ್ಡವರ ಎದುರು ನೆಲದಲ್ಲಿ ಕೂರುವುದು ಅವರಲ್ಲಿ ಮರ್ಯಾದೆ. ಕುರ್ಚಿಯವರ ಕಣ್ಣಿಗೆ ಅದು ಬೇರೆ ಥರ ಕಂಡಿತು. ಮೊದಲ ಸಾಲಿನಲ್ಲಿ ಫಿಲಿಮೋನಿ, ಅವನ ಪಕ್ಕ ಮೆರೆವಾಯಿ, ಮುತ್ತಿನ ಸರ ಹಾಕಿಕೊಂಡು.

ಮೋಮೊ ಅಪೆನಿಸಾ ಹಲ್ಲನ್ನು ತಂದಿದ್ದ. ಕೇರಿಯಲ್ಲಿ ಇದ್ದದ್ದು ಅದೊಂದೇ ಹಲ್ಲು, ಫಿಲಿಮೋನಿ ಕೊಟ್ಟಿದ್ದೇ. ಹಲ್ಲು ಕೈಯಿಂದ ಕೈಗೆ ಹೋಗುವಂಥದ್ದು, ಬಂದದ್ದನ್ನು ಇನ್ನೊಂದು ದೊಡ್ಡ ಕೇಳಿಕೆಗೆ ಕೊಡಬಹುದು. ಠಾಣೆಗಿಂತ ದೊಡ್ಡ ಕೇಳಿಕೆ ಕೇರಿಗೆ ಇರಲಿಲ್ಲ. ಮೋಮೊ ಎದ್ದ, ಸಮಿತಿಯ ಮೇಜಿನ ಮುಂದೆ ಹೋಗಿ ಮಂಡಿಯೂರಿದ. ಮುದಿ ಮಂಡಿ, ಊರುವಾಗ ಲಟಕ್ ಎಂದಿತು. ಹಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

ಸಮಿತಿಯ ಅಧ್ಯಕ್ಷೆ ಸುಭದ್ರಾ ಲಾಲ್ ಕನ್ನಡಕ ತೆಗೆದಿಟ್ಟರು. ಕೆಟ್ಟ ಹೆಂಗಸಲ್ಲ. ತುಂಬ ಮೆತ್ತಗೆ ಹೇಳಿದರು.

"ಅಜ್ಜಾ, ದಯವಿಟ್ಟು ಬೇಜಾರ್ ಮಾಡ್ಕೋಬೇಡಿ. ಅರ್ಜಿ ಹಾಕಿದವರಿಂದ ನಾವು ಏನನ್ನೂ ತಗೊಳ್ಳೋ ಹಾಗಿಲ್ಲ. ನಿಯಮ. ಇದನ್ನ ವಾಪಸ್ ತಗೊಂಡು ಹೋಗಿ."

ಮೋಮೊಗೆ ಅರ್ಥವಾಗಲಿಲ್ಲ. ಕೈ ಎತ್ತಿದ ಹಾಗೇ ಇದ್ದ. ಗುಮಾಸ್ತ ಬಂದು ಅವನ ತೋಳು ಹಿಡಿದು ಎಬ್ಬಿಸಿದ. ಕುರ್ಚಿಗಳಲ್ಲಿ ಯಾರೋ ನಕ್ಕರು. ಮೋಮೊ ಹಲ್ಲನ್ನು ಎದೆಗವಚಿಕೊಂಡು ಚಾಪೆಗೆ ಬಂದು ಕೂತ. ಕೇರಿಯವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಉನೈಸಿ ಮಾತ್ರ ಅಧ್ಯಕ್ಷೆಯ ಮುಖ ನೋಡಿದಳು. ಆ ಹೆಂಗಸು ಕನ್ನಡಕ ಹಾಕಿಕೊಂಡು ಕಾಗದ ತಿರುವುತ್ತಿದ್ದರು. ಹಲ್ಲು ಬೇಡ ಎಂದಿದ್ದರು, ಕಾಗದ ತಿರುವುತ್ತಿದ್ದರು.

ವಿಚಾರಣೆ ಶುರುವಾಯಿತು. ಅಗ್ನಿಶಾಮಕದ ಅಧಿಕಾರಿ ದೂರ, ರಸ್ತೆ, ನೀರು ಎಂದು ತನ್ನ ಪಾಠ ಒಪ್ಪಿಸಿದ. ಗುಡ್ಡದವರು ಒಬ್ಬೊಬ್ಬರಾಗಿ ಮೈಕಿಗೆ ಬಂದರು. ಒಬ್ಬರು ಹಕ್ಕಿಗಳ ಬಗ್ಗೆ ಹೇಳಿದರು. ಒಬ್ಬರು ತಮ್ಮ ಅತ್ತೆಯ ಹೃದಯದ ಬಗ್ಗೆ. ಉನೈಸಿ ಇಸ್ತ್ರಿ ಮಾಡುವ ಮನೆಯ ಒಡತಿ ಬಂದು, ತನಗೆ ಕೇರಿಯವರೆಂದರೆ ಬಹಳ ಪ್ರೀತಿ, ಅಲ್ಲಿಯ ಹೆಂಗಸು ತನ್ನ ಮನೆಯಲ್ಲಿ ಮನೆಯವಳ ಹಾಗೇ ಇದ್ದಾಳೆ ಎಂದಳು. ಉನೈಸಿಗೆ ಸಿಂಕಿನ ಕೆಳಗಿನ ಲೋಟ ಕಣ್ಣಿಗೆ ಬಂತು.

ಕೇರಿಯ ಪರವಾಗಿ ಮೋಮೊ ಒಬ್ಬನೇ ಮಾತಾಡಿದ. ಪದ್ಧತಿ ಹಾಗೆ. ಮಾತು ಮುಗಿದಾಗ ಕೇರಿಯವರೆಲ್ಲ ಬೊಗಸೆ ಮಾಡಿ ಚಪ್ಪಾಳೆ ತಟ್ಟಿದರು. ಗುಮಾಸ್ತ ಬರೆದುಕೊಂಡ: ಪರವಾಗಿ ಮಾತಾಡಿದ ನಿವಾಸಿ, ಒಬ್ಬ. ಅದನ್ನು ಅವನು ಗಟ್ಟಿಯಾಗಿಯೇ ಓದಿ ಹೇಳಿದ.

ಕೊನೆಗೆ ಎದ್ದವನು ಫಿಲಿಮೋನಿ. ನೀಟಾಗಿ ಇಸ್ತ್ರಿ ಮಾಡಿದ ಸೂಟು. ತಾನೂ ಇದೇ ಮಣ್ಣಿನವನು, ಹಿರಿಯರ ಪದ್ಧತಿಯಲ್ಲಿ ಬೆಳೆದವನು ಎಂದು ಶುರು ಮಾಡಿದ. ಅಂದು ಕಂಬದ ಬೀಗದಿಂದ ತೊಂದರೆಯಾದದ್ದು ನಿಜ. ಅದಕ್ಕೆ ತಾನು ಹಿರಿಯರ ಮುಂದೆ ಹಲ್ಲು ಇಟ್ಟದ್ದಾಯಿತು, ಅವರು ಮುಟ್ಟಿದರು, ಕ್ಷಮಿಸಿದರು. ಈಗ ಬೀಗದ ಕೈ ಕಾವಲುಗಾರನ ಹತ್ತಿರವೇ ಇದೆ. ಗಾಡಿ ಪೇಟೆಯಿಂದಲೇ ಬರಬಹುದು. ಇತ್ಯರ್ಥವಾದ ವಿಷಯದ ಮೇಲೆ ಹೊಸ ಠಾಣೆ ಯಾಕೆ? ಅರ್ಜಿಗೆ ಬೇಕಾದ ಅಗತ್ಯ ಎಲ್ಲಿದೆ?

"ಸತ್ತವರು ನನ್ನ ಹೆಂಡತಿಯ ತಾಯಿ. ಅವಳಿಗಿಂತ ಹೆಚ್ಚು ನೋವು ಯಾರಿಗಿದೆ? ಅವಳೇ ಹೇಳಲಿ," ಎಂದು ಮೆರೆವಾಯಿಯ ಕಡೆ ತಿರುಗಿದ.

ಮೆರೆವಾಯಿ ಎದ್ದಳು. ನೆಲ ನೋಡಿದಳು. "ನಾವು ರಾಜಿ ಆಗಿದ್ದೀವಿ," ಎಂದು ಇಂಗ್ಲಿಷಿನಲ್ಲಿ ಹೇಳಿ ಕೂತಳು.

ಅಧ್ಯಕ್ಷೆ ಮೋಮೊನನ್ನು ಕೇಳಿದರು, ಹಲ್ಲು ತೆಗೆದುಕೊಂಡದ್ದು ನಿಜವೇ ಎಂದು. ಮೋಮೊಗೆ ಸುಳ್ಳು ಬರುವುದಿಲ್ಲ. ನಿಜ ಎಂದ. ತೆಗೆದುಕೊಂಡರೆ ವಿಷಯ ಮುಗಿದಂತೆಯೇ ಎಂದರು. ಮುಗಿದಂತೆ ಎಂದ. ಹೇಳುವಾಗ ಅವನ ದನಿ ಹೊರಡಲಿಲ್ಲ, ಎರಡು ಸಲ ಹೇಳಬೇಕಾಯಿತು. ಇತ್ಯರ್ಥವಾಗಿದೆ ಎಂದು ಬರೆದುಕೊಳ್ಳಿ ಅಂತ ಅಧ್ಯಕ್ಷೆ ಗುಮಾಸ್ತನಿಗೆ ಹೇಳಿದರು.

ಉನೈಸಿಗೆ ಏನಾಯಿತು ಎಂದು ಹೇಳುವುದು ಕಷ್ಟ. ತಾಯಿ ನೆನಪಾದಳು ಎಂದರೆ ಚೆನ್ನಾಗಿ ಕೇಳಿಸುತ್ತದೆ, ಆದರೆ ಮೊದಲು ಬಂದದ್ದು ಅದಲ್ಲ. ಮೊದಲು ಬಂದದ್ದು, ಅವಳಿಗಿಂತ ಹೆಚ್ಚು ನೋವು ಯಾರಿಗಿದೆ ಎಂಬ ಆ ಮಾತು. ನೋವಿನಲ್ಲೂ ತಂಗಿಯೇ ಮುಂದಿನ ಕುರ್ಚಿ. ಉನೈಸಿ ಎದ್ದು ನಿಂತಳು. ಪಕ್ಕದ ಹೆಂಗಸರು ಸುಲು ಹಿಡಿದು ಎಳೆದರು. ಮಾತುಗಾರ ಮಾತಾಡಿದ ಮೇಲೆ ಇನ್ನೊಬ್ಬರು, ಅದರಲ್ಲೂ ಹೆಂಗಸು, ಬಾಯಿ ತೆರೆಯುವುದು ಅವರಲ್ಲಿ ಇಲ್ಲ. ಅವಳು ಆ ಕೈಗಳನ್ನು ಬಿಡಿಸಿಕೊಂಡು ಮೈಕಿನ ಹತ್ತಿರ ಹೋದಳು.

ಫಿಲಿಮೋನಿ ಕೂತಲ್ಲಿಂದಲೇ ಅಂದ, "ಮೇಡಂ, ಇವರು ನನ್ನ ಹೆಂಡತಿಯ ಅಕ್ಕ. ಮೊದಲಿಂದಲೂ ಇವರಿಗೆ ನಮ್ಮನ್ನ ಕಂಡರೆ ಹೊಟ್ಟೆಕಿಚ್ಚು. ಮನೆ ಜಗಳ ಇಲ್ಲಿಗೆ ತರೋದು ಬೇಡ."

ಕುರ್ಚಿಗಳು ಮತ್ತೆ ನಕ್ಕವು. ಉನೈಸಿ ನಗು ನಿಲ್ಲುವವರೆಗೂ ಕಾದಳು.

"ಹೌದು ಮೇಡಂ. ಹೊಟ್ಟೆಕಿಚ್ಚೇ. ಅದನ್ನೂ ಬರ್ಕೊಳ್ಳಿ. ಇವಳ ಮನೆ ಮ್ಯಾಲೆ ಐತೆ, ಕಾರಿನ ಮ್ಯಾಲೆ ಐತೆ. ಅದಕ್ಕಿಂತ ಜಾಸ್ತಿ ಇವಳ ಮನೆ ಮುಂದಿನ ಕೆಂಪು ನಲ್ಲಿ ಮ್ಯಾಲೆ ಐತೆ. ನಾನು ಕೆಲಸ ಮಾಡೋ ಮನೇಲಿ ಒಂದು ನಾಯಿ ಐತೆ. ಅದು ಮಲಗೋ ಕೋಣೆ ಸೂರಿಗೂ ಹೊಗೆ ಬಂದ್ರೆ ಕೂಗೋ ಗಂಟೆ ಹಾಕವ್ರೆ. ನಾನು ಆ ನಾಯಿ ಮ್ಯಾಲೂ ಹೊಟ್ಟೆಕಿಚ್ಚು ಪಟ್ಟಿದೀನಿ. ನಮ್ಮವ್ವ ಸಾಯೋವಾಗ ಕೂಗೋದಕ್ಕೆ ಏನೂ ಇರ್ಲಿಲ್ಲ, ಅವಳ ಬಾಯಿ ಸೈತ ಬಿದ್ದೋಗಿತ್ತು. ನಾಯಿ ಮ್ಯಾಲೆ ಹೊಟ್ಟೆಕಿಚ್ಚು ಪಡೋ ಹಂಗೆ ನನ್ನ ಮಾಡಿದ್ದು ಯಾರು, ಅದನ್ನ ಇವರ ಹತ್ರ ಕೇಳಿ."

ಅಧ್ಯಕ್ಷೆ ಏನೋ ಹೇಳಲು ಹೋದರು. ವಿಷಯ ಇತ್ಯರ್ಥವಾಗಿದೆಯಲ್ಲಮ್ಮ, ನಿಮ್ಮ ಹಿರಿಯರೇ ಒಪ್ಪಿದ್ದಾರಲ್ಲ ಎಂದರು.

"ಬೆಳಗ್ಗೆ ನೀವು ಮೋಮೊ ಕೈಯಿಂದ ಹಲ್ಲು ಬೇಡ ಅಂದ್ರಿ. ಹುಟ್ಟಿದಾಗಿಂದ ಹಲ್ಲನ್ನ ಬೇಡ ಅಂದೋರನ್ನ ನಾ ನೋಡಿರ್ಲಿಲ್ಲ ಮೇಡಂ. ಆಗಲ್ಲ ಅಂದ್ಕೊಂಡಿದ್ದೆ. ನೀವು ಅಂದ್ರಿ. ಸೂರೇನೂ ಬೀಳ್ಲಿಲ್ಲ. ನಿಮಗೆ ಬೇಡ ಅನ್ನಕ್ಕೆ ಆಗೋದಾದ್ರೆ ನಮಗೂ ಆಗ್ತದೆ. ನಮಗೆ ಇವರ ಹಲ್ಲು ಬೇಡ."

ಚಾಪೆಗಳ ಮೇಲೆ ಗುಸುಗುಸು ಎದ್ದಿತು. ಅವಳು ಮೋಮೊನ ಮುಂದೆ ಹೋಗಿ ಕೂತು ಕೈ ಚಾಚಿದಳು. ಮೋಮೊ ಹಲ್ಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

"ತಗೊಂಡಿದ್ದನ್ನ ತಿರುಗಿ ಕೊಡೋ ಪದ್ಧತಿ ಇಲ್ಲ ಮಗಳೆ. ನಮ್ಮ ಅಪ್ಪನ ಕಾಲದಲ್ಲೂ ಇಲ್ಲ."

"ಇಲ್ಲ ಅಂತ ಅವನಿಗೂ ಗೊತ್ತು ಮೋಮೊ. ಗೊತ್ತಿದ್ದೇ ತಂದ."

ಮೋಮೊ ಫಿಲಿಮೋನಿಯ ಕಡೆ ನೋಡಿದ. ಮುದುಕನಿಗೆ ಆಗ ಅರ್ಥವಾಯಿತು. ತನ್ನ ಕೈಯಲ್ಲಿದ್ದದ್ದು ಕ್ಷಮೆಯಲ್ಲ, ಬಾಯಿಗೆ ಹಾಕಿದ ಬೀಗ. ಅವನು ಹಲ್ಲನ್ನು ಅವಳ ಕೈಗೆ ಕೊಡಲಿಲ್ಲ. ತನ್ನ ಬೆರಳು ಸಡಿಲ ಬಿಟ್ಟ, ಅಷ್ಟೆ. ಉನೈಸಿ ತೆಗೆದುಕೊಂಡಳು.

ಫಿಲಿಮೋನಿಯ ಮುಂದೆ ನಿಂತಳು. ಅವನು ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡ. ತೆಗೆದುಕೊಂಡರೆ ಜಗಳ ಮತ್ತೆ ಬದುಕುತ್ತದೆ, ಅದು ಅವನಿಗೆ ಚೆನ್ನಾಗಿ ಗೊತ್ತು. ಇದು ನಾಟಕ ಎಂದ. ಪೊಲೀಸರನ್ನು ಕರೆಸಿ ಎಂದ. ಉನೈಸಿ ಅವನನ್ನು ಬಿಟ್ಟು ಪಕ್ಕದ ಕುರ್ಚಿಯ ಮುಂದೆ ಮಂಡಿಯೂರಿದಳು. ತಂಗಿಯ ಮುತ್ತಿನ ಸರ ಅವಳ ಕಣ್ಣಿನ ಮಟ್ಟಕ್ಕೆ ಬಂತು. ಅದೂ ಚೆನ್ನಾಗಿತ್ತು.

"ಅವ್ವನ ಹೆಣ ನೀ ತಗೊಂಡೆ. ಅಳೋಕೆ ಬಂದೋರನ್ನ ನೀ ತಗೊಂಡೆ. ಚಾಪೆ ನೀ ತಗೊಂಡೆ. ಇದನ್ನೂ ತಗೊ ಮೆರೆ. ಜಗಳ ಒಂದು ನಂಗೆ ಬಿಡು."

ಫಿಲಿಮೋನಿ ಹೆಂಡತಿಯ ಮೊಣಕೈ ಹಿಡಿದ. ಬೇಡ ಎಂದು ಹಲ್ಲು ಕಚ್ಚಿ ಹೇಳಿದ. ಮೆರೆವಾಯಿ ಅಕ್ಕನ ಅಂಗೈ ನೋಡುತ್ತಿದ್ದಳು. ಸುಟ್ಟು ಗಂಟುಗಂಟಾಗಿ ಹೊಳೆಯುವ ಚರ್ಮ, ನೆಟ್ಟಗಾಗದ ಎರಡು ಬೆರಳು. ಬೇಲಿಯ ಮೇಲಿಂದ ಲಂಗ ಕೊಡುವಾಗಲೂ ಅವಳು ಆ ಕೈಯನ್ನು ನೋಡಿರಲಿಲ್ಲ. ಗಂಡನ ಕೈಯಿಂದ ಮೊಣಕೈ ಬಿಡಿಸಿಕೊಂಡಳು. ಕುರ್ಚಿಯಿಂದ ಇಳಿದು ನೆಲಕ್ಕೆ ಕೂತಳು, ಎರಡೂ ಕೈ ಚಾಚಿದಳು, ಹಲ್ಲನ್ನು ತೆಗೆದುಕೊಂಡಳು. ತೆಗೆದುಕೊಂಡು, ಬಿಕ್ಕಿಬಿಕ್ಕಿ ಅತ್ತಳು.

ಆಮೇಲೆ ಚಾಪೆಗಳಿಂದ ಚಪ್ಪಾಳೆ ಬಂತು, ಬೊಗಸೆ ಮಾಡಿದ ಕೈಗಳ ಟೊಳ್ಳು ಸದ್ದು. ಮೊದಲು ತಟ್ಟಿದವನು ಮೋಮೊ. ಇದರ ಅರ್ಥವೇನು ಎಂದು ಅಧ್ಯಕ್ಷೆ ಅವನನ್ನೇ ಕೇಳಿದರು. ಮುಗಿದಿಲ್ಲ ಎಂದು ಅರ್ಥ ಎಂದ ಮೋಮೊ. ಈ ಸಲ ಒಂದೇ ಸಲಕ್ಕೆ ಕೇಳಿಸಿತು. ಇತ್ಯರ್ಥವಾಗಿದೆ ಎಂದು ಬರೆದದ್ದನ್ನು ಹೊಡೆದುಹಾಕಲು ಗುಮಾಸ್ತನಿಗೆ ಹೇಳಿದರು. ಅರ್ಜಿಯನ್ನು ಇವತ್ತು ವಜಾ ಮಾಡುವುದಿಲ್ಲ, ಮಾತಾಡಬೇಕಾದವರೆಲ್ಲ ಮಾತಾಡಲಿ, ಸಮಿತಿ ಜಾಗವನ್ನೂ ಕಂಬವನ್ನೂ ಬಂದು ನೋಡುತ್ತದೆ ಎಂದರು. ಫಿಲಿಮೋನಿ ಎದ್ದು ಹೊರಗೆ ಹೋದ.

ಕೇರಿಯವರು ಚಾಪೆ ಬಿಟ್ಟು ಏಳತೊಡಗಿದರು. ಮೀನಿನವಳು ಎದ್ದಳು. ಮೂಟೆ ಎತ್ತುವವರು ಎದ್ದರು. ಆದರೆ ಯಾರ ಕಣ್ಣೂ ಮೈಕಿನ ಕಡೆ ಇರಲಿಲ್ಲ. ಎಲ್ಲರೂ ಮೆರೆವಾಯಿಯನ್ನು ನೋಡುತ್ತಿದ್ದರು. ಕೇರಿಯ ಮುದುಕಿಯರು ಅವಳ ಸುತ್ತ ಕೂತು ಬೆನ್ನು ಸವರುತ್ತಿದ್ದರು. ಎಂಥ ಹೆಣ್ಣು, ಗಂಡನನ್ನೇ ಎದುರು ಹಾಕಿಕೊಂಡಳಲ್ಲ, ಎಂಥ ಎದೆಗಾರಿಕೆ ಎನ್ನುತ್ತಿದ್ದರು. ಗುಮಾಸ್ತ ಅವಳಿಗೆ ನೀರು ತಂದುಕೊಟ್ಟ, ಗಾಜಿನ ಲೋಟದಲ್ಲಿ. ಅಧ್ಯಕ್ಷೆ ಕೂಡ ಕಣ್ಣೊರೆಸಿಕೊಂಡರು.

ಉನೈಸಿ ಒಬ್ಬಳೇ ನಡುವೆ ನಿಂತಿದ್ದಳು. ಅವಳಿಗೆ ಯಾರೂ ನೀರು ತಂದಿರಲಿಲ್ಲ. ಹೊಟ್ಟೆಯೊಳಗೆ ಅದೇ ಹಳೆಯ ಉರಿ ಎದ್ದಿತು. ಇದ್ದಷ್ಟೂ ಎದ್ದಿತು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅವಳು ಮೈಕಿನ ಹತ್ತಿರ ಹೋಗಿ ಸುಟ್ಟ ಅಂಗೈಯಿಂದ ಅದನ್ನು ಬಡಿದಳು. ಹಾಲಿನ ತುಂಬ ಕರ್ಕಶವಾದ ಸದ್ದು ಹೊರಟಿತು. ಎಲ್ಲರೂ ಕಿವಿ ಮುಚ್ಚಿಕೊಂಡು ಈ ಕಡೆ ತಿರುಗಿದರು.

"ಅವಳು ಆಮ್ಯಾಲೆ ಅಳ್ತಾಳೆ," ಎಂದಳು ಉನೈಸಿ. "ಮೇಡಂ, ನಂದಿನ್ನೂ ಮುಗಿದಿಲ್ಲ. ನನ್ನ ಹೆಸರು ಉನೈಸಿ. ಲಿತಿಯಾಳ ದೊಡ್ಡ ಮಗಳು. ಬರ್ಕೊಳ್ಳಿ."